ಎರಡನೆಯ ಸಲ ಬಂದವನು

ಈಗಲೇ ಹೇಳಿಬಿಡಲೇ? ಅಥವಾ ಅವನು ಮುಖ ತೊಳೆದು ಹೊರಗೆ ಬಂದ ಮೇಲೆ ಹೇಳಲೇ? ಮುಖ ಒರೆಸಿಕೊಳ್ಳುವಾಗ ಹೇಳುವುದೇ ಎಲ್ಲಕ್ಕಿಂತ ಒಳ್ಳೆಯದು. ಆಗ ಮುಖ ಟವೆಲ್ಲಿನ ಹಿಂದೆ ಇರುತ್ತದೆ, ಅದು ಹೇಗಾಯಿತೆಂದು ನೋಡಬೇಕಾಗುವುದಿಲ್ಲ. ಆದರೆ ಟವೆಲ್ಲು ಎಷ್ಟು ಹೊತ್ತು ಮುಖದ ಮೇಲೆ ಇದ್ದೀತು? ಒಂದಲ್ಲ ಒಂದು ಗಳಿಗೆಯಲ್ಲಿ ಕೆಳಗಿಳಿಯಲೇಬೇಕು.

ಹೋಟೆಲಿನ ಮಂಚದ ಅಂಚಿನಲ್ಲಿ ಕೂತು, ಒಂದು ಕಾಲಿಗೆ ಕಾಲುಚೀಲ ಹಾಕಿ ಇನ್ನೊಂದನ್ನು ಸತ್ತ ಇಲಿಯಂತೆ ಕೈಯಲ್ಲಿ ಹಿಡಿದುಕೊಂಡು ನಕ್ಷೆಗಾರ ಹೀಗೆ ಯೋಚಿಸುತ್ತಿದ್ದ. ಬಚ್ಚಲಿನಿಂದ ಗೆಳೆಯ ಬಾಯಿ ಮುಕ್ಕಳಿಸುವ ಸದ್ದು, ನೀರಿಲ್ಲದ ಬಾವಿಯಲ್ಲಿ ಪಂಪು ಗಾಳಿ ಎಳೆದ ಹಾಗೆ, ಬಿಟ್ಟು ಬಿಟ್ಟು ಕೇಳುತ್ತಿತ್ತು.

ಇಬ್ಬರೂ ನೀರು ಸರಬರಾಜು ಕಚೇರಿಯವರು. ಇವನು ನೆಲದಡಿಯ ಪೈಪುಗಳ ನಕ್ಷೆ ಬರೆಯುವವನು. ಗೆಳೆಯ ಅದೇ ಕಚೇರಿಯ ಸ್ಟೋರ್‌ಕೀಪರ್, ನಲ್ಲಿ ತಿರುಪು ವಾಷರುಗಳ ಕಾವಲುಗಾರ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅಲ್ಲಿ ಎಲ್ಲರಿಗೂ ಹೇಳಿಕೊಳ್ಳಲು ಏನಾದರೊಂದು ಇರುತ್ತಿತ್ತು. ಹೆಡ್‌ಕ್ಲಾರ್ಕಿಗೆ ಮೂತ್ರಪಿಂಡದ ಕಲ್ಲು, ಟೈಪಿಸ್ಟಮ್ಮನಿಗೆ ಅತ್ತೆ, ಸ್ಟೋರ್‌ಕೀಪರಿಗೆ ವಾಷರು ಕದಿಯುವ ಕಳ್ಳರು. ನಕ್ಷೆಗಾರನಿಗೆ ಕಲ್ಲೂ ಇರಲಿಲ್ಲ, ಕಳ್ಳರೂ ಇರಲಿಲ್ಲ, ಅತ್ತೆಯಂತೂ ಸಾಧು. ಒಂದು ದಿನ ಮಾತಾಡುತ್ತಿದ್ದವರೆಲ್ಲ ಒಮ್ಮೆಲೇ ಸುಮ್ಮನಾದರು. ಅಂಥ ಮೌನ ಬಿದ್ದಾಗಲೆಲ್ಲ ಅದು ತನ್ನದೇ ತಪ್ಪೆಂದು ಅವನಿಗೆ ಅನ್ನಿಸುತ್ತಿತ್ತು. ಗೋಡೆಯ ಮೇಲೆ ಕ್ಯಾಲೆಂಡರು, ಅದರಲ್ಲಿ ಹೊರದೇಶದ ಯಾವುದೋ ಪುರಾತನ ದೇವಾಲಯದ ಚಿತ್ರ. "ಅಲ್ಲಿಗೆ ನಾನು ಹೋಗಿದ್ದೆ" ಅಂದುಬಿಟ್ಟ.

ಎಲ್ಲರ ತಲೆಯೂ ಅವನ ಕಡೆ ತಿರುಗಿತು. ಅವನ ಜೀವಮಾನದಲ್ಲಿ ಅಷ್ಟು ತಲೆಗಳು ಒಟ್ಟಿಗೆ ಅವನ ಕಡೆ ತಿರುಗಿದ್ದು ಅದೇ ಮೊದಲು.

ಯಾವಾಗ ಅಂದರು. ಕೆಲಸಕ್ಕೆ ಸೇರುವ ಮುಂಚೆ ಅಂದ. ಯಾರ ಜೊತೆ ಅಂದರು. ಸೋದರಮಾವನ ಜೊತೆ ಅಂದ. ಸೋದರಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಬದುಕಿದ್ದಾಗ ಪಕ್ಕದೂರಿನ ಮದುವೆಗೂ ಹೋದವರಲ್ಲ. ಅವತ್ತಿನಿಂದ ಕಚೇರಿಯಲ್ಲಿ ಅವನ ಹೆಸರು 'ಫಾರಿನ್' ಎಂದಾಯಿತು. ಕತೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಚಿತ್ರದಲ್ಲಿ ಗೋಪುರ ಎತ್ತರದಲ್ಲಿ ಕಾಣುತ್ತಿದ್ದುದರಿಂದ ಅದಕ್ಕೆ ಮೆಟ್ಟಿಲು ಬಂದವು. ಮೆಟ್ಟಿಲು ಬಂದ ಮೇಲೆ ಮೊಣಕಾಲು ನೋವು ಬಂತು. ನೋವು ಬಂದ ಮೇಲೆ ಅದನ್ನು ಮರೆಸಲು ಒಳಗುಡಿಯಲ್ಲಿ ಏನಾದರೂ ಬೇಕಾಯಿತು, ಅದೂ ಬಂತು: ಮಲಗಿದ ದೇವರು, ಕಿಂಡಿಯಿಂದ ಅದರ ಹಣೆಯ ಮೇಲೆ ಬೀಳುವ ಬೆಳಕು. ಎಲ್ಲರಿಗಿಂತ ಹೆಚ್ಚು ಆಸೆಯಿಂದ ಕೇಳುತ್ತಿದ್ದವನು ಸ್ಟೋರ್‌ಕೀಪರ್. ಆಮೇಲಾಮೇಲೆ ಅವನೊಬ್ಬನೇ ಗೆಳೆಯನಾಗಿಯೂ ಉಳಿದ. ಅವನು ಯಾಕೆ ಗೆಳೆಯನಾದ ಎಂದು ಕೇಳಿಕೊಂಡಾಗಲೆಲ್ಲ ನಕ್ಷೆಗಾರನಿಗೆ ತೋಚುತ್ತಿದ್ದ ಉತ್ತರ ಒಂದೇ: ಈ ಕತೆಯಿಂದ. ಕತೆ ಹೋದರೆ ಅವನೂ ಹೋದ.

ಆ ಪುಣ್ಯಾತ್ಮ ಈ ವರ್ಷ ರಜೆ ಹಾಕಿ, ಟಿಕೆಟ್ಟನ್ನೂ ಕೊಂಡು ತಂದು, ಮೇಜಿನ ಮೇಲೆ ಹರಡಿ, "ನಡಿಯೋ ಫಾರಿನ್, ಈ ಸಲ ನನ್ನನ್ನೂ ಕರ್ಕೊಂಡು ಹೋಗು" ಅಂದಾಗ ನಕ್ಷೆಗಾರ ಮೊದಲು ಬೆನ್ನುನೋವು ಅಂದ, ಆಮೇಲೆ ಹೆಂಡತಿ ಬಿಡುವುದಿಲ್ಲ ಅಂದ. ಹೆಂಡತಿ ಬಿಟ್ಟಳು. ಮದುವೆಯಾದ ಹೊಸತರಲ್ಲಿ ಅವಳಿಗೂ ಇದೇ ಕತೆ ಹೇಳಿದ್ದ. "ಹೋಗಿಬನ್ನಿ, ಹಳೇ ಜಾಗ ನೋಡಿದ್ರೆ ಮನಸ್ಸಿಗೆ ಹಾಯಾಗುತ್ತೆ" ಅಂದಳು. ಹಳೆಯ ಪಾಸ್‌ಪೋರ್ಟನ್ನು ಗೆದ್ದಲು ತಿಂದಿತೆಂದು ಹೇಳಿ ಅವನು ಹೊಸದನ್ನು ಮಾಡಿಸಿಕೊಂಡ.

ಬಚ್ಚಲಿನ ಬಾಗಿಲು ತೆರೆಯಿತು. ಟವೆಲ್ಲು ಮುಖದ ಮೇಲೆಯೇ ಇತ್ತು.

"ಲೋ" ಎಂದ ನಕ್ಷೆಗಾರ. "ನಿನಗೊಂದು ಮಾತು ಹೇಳಬೇಕಿತ್ತು."

"ಗೊತ್ತು ಬಿಡೋ" ಎಂದಿತು ಟವೆಲ್ಲು. "ರಾತ್ರಿಯೆಲ್ಲ ನೀನು ಹೊರಳಾಡ್ತಿದ್ದೆ. ಮಾವನ ನೆನಪು ಬಂತು ಅಲ್ವಾ?"

ಟವೆಲ್ಲು ಕೆಳಗಿಳಿಯಿತು. ಅದರ ಹಿಂದಿನಿಂದ ಹೊಸದಾಗಿ ತೊಳೆದ, ಪ್ರೀತಿ ತುಂಬಿದ, ದೊಡ್ಡದೊಂದು ಮುಖ ಹೊರಗೆ ಬಂತು. ನಕ್ಷೆಗಾರ ಇನ್ನೊಂದು ಕಾಲುಚೀಲವನ್ನೂ ಹಾಕಿಕೊಂಡ.

ಕೆಳಗಿನ ತಿಂಡಿಯ ಕೋಣೆಯಲ್ಲಿ ಹಿಂದಿನ ದಿನವಷ್ಟೇ ಪರಿಚಯವಾಗಿದ್ದ ತಮ್ಮ ಭಾಷೆಯವರಿಬ್ಬರು ಕೂತಿದ್ದರು. ಒಬ್ಬರು ನಿವೃತ್ತ ಹೆಡ್‌ಮಿಸ್ಸು. ಯಾರನ್ನು ಕಂಡರೂ ಮೊದಲು ಉಗುರು ಕತ್ತರಿಸಿದ್ದಾರೋ ಇಲ್ಲವೋ ನೋಡುವ ಕಣ್ಣು. ಇನ್ನೊಬ್ಬರು ಅವರ ತಮ್ಮ, ಬೋಳುತಲೆಯ ಹಲ್ಲಿನ ಡಾಕ್ಟರು. ಎದುರಿಗಿದ್ದವರು ಮಾತಾಡುವಾಗ ಅವರ ಕಣ್ಣಿನ ಬದಲು ಬಾಯೊಳಗೆ ನೋಡುತ್ತಾರೆ.

"ಹತ್ತು ಗಂಟೆಗೆ ಗೈಡ್ ಬರ್ತಾನಂತೆ. ನೀವೂ ಬನ್ನಿ" ಎಂದರು ಹೆಡ್‌ಮಿಸ್ಸು.

"ಗೈಡಾ!" ಸ್ಟೋರ್‌ಕೀಪರ್ ಬ್ರೆಡ್ಡಿನ ತುಂಡನ್ನು ತಟ್ಟೆಗೆ ಹಾಕಿಬಿಟ್ಟ. "ನಮ್ಮ ಫಾರಿನ್ ಇರುವಾಗ ಗೈಡ್ ಯಾಕೆ ಮೇಡಂ? ಇವನು ಹಳಬ. ಆ ದೇವಸ್ಥಾನದ ಒಂದೊಂದು ಕಲ್ಲೂ ಇವನಿಗೆ ಗೊತ್ತು. ನಮ್ಮ ಕಚೇರಿಯಲ್ಲಿ ಯಾರನ್ನು ಬೇಕಾದ್ರೂ ಕೇಳಿ."

ಹಲ್ಲಿನ ಡಾಕ್ಟರು ನಕ್ಷೆಗಾರನ ಬಾಯನ್ನು ನೋಡಿದರು. ನಕ್ಷೆಗಾರ ಬಾಯಿ ಮುಚ್ಚಿಕೊಂಡ.

"ಎಷ್ಟು ವಿನಯ ನೋಡು, ಒಂದು ಮಾತಾಡಲ್ಲ" ಎಂದು ಹೆಡ್‌ಮಿಸ್ಸು ತಮ್ಮನಿಗೆ ಹೇಳಿ, ಆಗಲೇ ಎದ್ದು ಹೋಗಿ ಗೈಡನ್ನು ಬೇಡವೆಂದು ಫೋನ್ ಮಾಡಿಸಿ ಬಂದರು.

"ಇಲ್ಲಿಂದ ನಡಕೊಂಡೇ ಹೋಗಬಹುದು ಅಂದಿದ್ದೆಯಲ್ಲೋ?" ಎಂದ ಗೆಳೆಯ, ಬೀದಿಗಿಳಿದ ಕೂಡಲೇ. "ಯಾವ ಕಡೆ?"

ನಕ್ಷೆಗಾರ ಎಡಕ್ಕೂ ಬಲಕ್ಕೂ ನೋಡಿದ. ತನ್ನೂರಿನ ಕೆಳಗೆ ನೀರು ಯಾವ ಕಡೆ ಹರಿಯುತ್ತದೆಂದು ಕಣ್ಣು ಮುಚ್ಚಿ ಬರೆಯಬಲ್ಲವನಿಗೆ ಈ ಊರಿನ ಮೇಲೆ ಮನುಷ್ಯರು ಯಾವ ಕಡೆ ಹೋಗುತ್ತಾರೆಂದು ತಿಳಿಯಲಿಲ್ಲ. ಇಳಿಜಾರು ಬಲಕ್ಕಿತ್ತು. ನೀರು ಹೋಗುವ ದಾರಿ ತಪ್ಪಾಗಲಾರದೆಂದು ಬಲಕ್ಕೆ ಹೊರಟ.

ತರಕಾರಿ ಅಂಗಡಿಗಳ ನಡುವೆ ಹೋದರು, ಗುಜರಿ ಅಂಗಡಿಗಳ ಹಿಂದೆ ಬಂದರು, ಯಾರದೋ ಒಣಹಾಕಿದ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿ ನುಸುಳಿದರು. ಹೆಡ್‌ಮಿಸ್ಸಿನ ಕನ್ನಡಕ ಒಂದು ಅಂಗಿಯ ತೋಳಿಗೆ ಸಿಕ್ಕಿಕೊಂಡಿತು.

"ಆಗ ಇದೆಲ್ಲ ಇರಲಿಲ್ಲ" ಎಂದ ನಕ್ಷೆಗಾರ.

"ಈ ಕಟ್ಟಡ ನಮ್ಮ ತಾತನಿಗಿಂತ ಹಳೇದು ಕಾಣುತ್ತಲ್ರೀ?" ಎಂದರು ಡಾಕ್ಟರು.

"ಆಗ ಇದಕ್ಕೆ ಬೇರೆ ಬಣ್ಣ ಇತ್ತು."

ಗೆಳೆಯ ಪಕ್ಕದಲ್ಲಿ ನಡೆಯುತ್ತ ಒಂದಾದ ಮೇಲೊಂದು ಕೇಳುತ್ತಿದ್ದ. ಮಾವ ಎಲ್ಲಿ ಜಾರಿ ಬಿದ್ದದ್ದು? ಮಳೆ ಬಂದಾಗ ಯಾವ ಜಗಲಿಯ ಮೇಲೆ ನಿಂತಿದ್ದಿರಿ? ಊಟಕ್ಕೆ ಕರೆದ ಮುದುಕಿಯ ಮನೆ ಯಾವ ಓಣಿ? ಇಷ್ಟೊಂದು ನೆನಪಿಟ್ಟುಕೊಂಡಿದ್ದಾನಲ್ಲ ಎಂದುಕೊಂಡು ನಕ್ಷೆಗಾರ ಹೆಜ್ಜೆ ಚುರುಕು ಮಾಡಿದ. ತಾನೇ ಮರೆತಿದ್ದ ಸುಳ್ಳುಗಳನ್ನು ಇವನು ಸ್ಟೋರಿನ ವಾಷರುಗಳ ಹಾಗೆ ಒಂದೂ ಕಳೆಯದೆ ಕಾಪಾಡಿಕೊಂಡು ಬಂದಿದ್ದ.

ಕೊನೆಗೆ ಗುಮ್ಮಟಗಳಿದ್ದ ಒಂದು ಹಳೆಯ ಕಲ್ಲಿನ ಕಟ್ಟಡ ಎದುರಾಯಿತು. ಕಮಾನಿನ ಬಾಗಿಲು, ಕಮಾನಿನ ಮೇಲೆ ಕೆತ್ತಿದ ಹಂಸಗಳು. ನಕ್ಷೆಗಾರನಿಗೆ ಹೋದ ಜೀವ ಬಂತು.

"ಇದು ಮೊದಲನೇ ಮಂಟಪ" ಎಂದ. "ರಾಜ ದೇವಸ್ಥಾನಕ್ಕೆ ಹೋಗೋ ಮುಂಚೆ ಇಲ್ಲಿ ಶುದ್ಧನಾಗಿ ಹೋಗ್ತಿದ್ದ."

ಹೆಡ್‌ಮಿಸ್ಸು ಕೈಮುಗಿದು ಒಳಗೆ ಕಾಲಿಟ್ಟರು. ಒಳಗೆ ಅರೆಗತ್ತಲೆ, ಬೆಚ್ಚನೆಯ ಹಬೆ. ಎಲ್ಲಿಯೋ ನೀರು ತೊಟ್ಟಿಕ್ಕುವ ಸದ್ದು. "ಆಹಾ, ಎಷ್ಟು ಪ್ರಶಾಂತ" ಎಂದು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಕಟಕಟೆಯ ಹಿಂದಿನಿಂದ ಒಬ್ಬಾಕೆ ಎದ್ದು ಬಂದು ನಾಲ್ವರ ಕೈಗೂ ಒಂದೊಂದು ಸೋಪು, ಒಂದೊಂದು ಟವೆಲ್ಲು ಇಟ್ಟಳು. ಹಬೆಯೊಳಗಿನಿಂದ, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡ ಭಾರೀ ಗಾತ್ರದ ಗಂಡಸೊಬ್ಬ ಸಿಳ್ಳೆ ಹಾಕುತ್ತ ಬಂದು, ಕೈಮುಗಿದು ನಿಂತಿದ್ದ ಹೆಡ್‌ಮಿಸ್ಸನ್ನು ಕಂಡು, ತಾನೂ ಕೈಮುಗಿದ. ಅವನ ಸೊಂಟದ ಬಟ್ಟೆಗೆ ಆಧಾರವಾಗಿದ್ದದ್ದು ಆ ಕೈಗಳೇ.

ನಾಲ್ವರೂ ಬೀದಿಯಲ್ಲಿದ್ದರು. ಯಾರು ಮೊದಲು ಓಡಿದರೆಂದು ಹೇಳುವುದು ಕಷ್ಟ.

"ರಾಜ ಶುದ್ಧನಾಗ್ತಿದ್ದದ್ದು ನಿಜ ಅನ್ನಿ" ಎಂದರು ಡಾಕ್ಟರು, ಕೈಯಲ್ಲೇ ಉಳಿದುಹೋಗಿದ್ದ ಸೋಪನ್ನು ಮೂಸಿ ನೋಡುತ್ತ.

ಹೆಡ್‌ಮಿಸ್ಸು ಅಲ್ಲಿಂದ ಮುಂದೆ ನಕ್ಷೆಗಾರನ ಜೊತೆ ಮಾತಾಡಲಿಲ್ಲ. ಗೆಳೆಯ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ, "ಪರವಾಗಿಲ್ಲ ಬಿಡೋ. ದಾರಿ ಯಾರಿಗಾದ್ರೂ ಮರೆತೇ ಹೋಗುತ್ತೆ. ದೇವಸ್ಥಾನ ಮರೆಯೋಕಾಗುತ್ತಾ?" ಅಂದು ಹೆಗಲ ಮೇಲೆ ಕೈ ಹಾಕಿದ. ಆ ಕೈ ಮೂಟೆಯ ಹಾಗೆ ಭಾರವಾಗಿತ್ತು.

ಯಾರನ್ನೋ ಕೇಳಿ, ಬಸ್ಸು ಹತ್ತಿ, ಊರಿನ ಇನ್ನೊಂದು ತುದಿಯಲ್ಲಿದ್ದ ದೇವಾಲಯಕ್ಕೆ ಬಂದಿಳಿದಾಗ ಬಿಸಿಲು ನೆತ್ತಿಗೇರಿತ್ತು. ಕಾಂಪೌಂಡಿನ ಬಾಗಿಲು ದಾಟುತ್ತಿದ್ದ ಹಾಗೆ ಗೋಪುರ ಕಣ್ಣಿಗೆ ಬಿತ್ತು. ಕ್ಯಾಲೆಂಡರಿನಲ್ಲಿದ್ದ ಅದೇ ಗೋಪುರ. ಒಂದು ಕ್ಷಣ ನಕ್ಷೆಗಾರನಿಗೆ ತಾನು ಇಲ್ಲಿಗೆ ನಿಜವಾಗಿಯೂ ಬಂದಿದ್ದೆನೇನೋ ಅನ್ನಿಸಿ ಕಣ್ಣು ತುಂಬಿತು. ಮರುಕ್ಷಣವೇ ಆ ಕಣ್ಣು ಕೆಳಗಿಳಿದು ನೆಲ ನೋಡಿತು.

ಮೆಟ್ಟಿಲುಗಳಿರಲಿಲ್ಲ. ದೇವಾಲಯ ಬಯಲಿನಲ್ಲಿತ್ತು. ರಸ್ತೆಯಿಂದ ಒಳಗುಡಿಯ ಬಾಗಿಲವರೆಗೆ ಒಂದೇ ಸಮನಾದ ಕಲ್ಲುಹಾಸು. ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುವಷ್ಟು ಮಟ್ಟ.

"ಮೆಟ್ಟಿಲೆಲ್ಲೋ?" ಎಂದ ಗೆಳೆಯ. ಮೆಲ್ಲಗೆ ಕೇಳಿದ.

ಅಲ್ಲೊಂದು ಮೌನ ಬಿತ್ತು, ಕಚೇರಿಯ ಊಟದ ಕೋಣೆಯಲ್ಲಿ ಬಿದ್ದಂಥದೇ. ಈಗ ಹೇಳಬೇಕು, ಇದೇ ಸಮಯ ಎಂದು ನಕ್ಷೆಗಾರನ ಎದೆ ಹೇಳಿತು. ಆದರೆ ಮೌನ ಬಿದ್ದಾಗ ಅವನ ಎದೆಗಿಂತ ನಾಲಿಗೆಯೇ ಮುಂದೆ.

"ಹೂತುಬಿಟ್ಟಿದ್ದಾರೆ" ಎಂದ.

"ಏನನ್ನ?"

"ಮೆಟ್ಟಿಲುಗಳನ್ನ. ಮಣ್ಣು ತುಂಬಿ ನೆಲ ಎತ್ತರ ಮಾಡಿದ್ದಾರೆ. ಮೆಟ್ಟಿಲೆಲ್ಲ ಕೆಳಗಿದೆ." ಕೇಳುವವರ ಮುಖದಲ್ಲಿ ಅನುಮಾನ ಕಂಡು, ತನಗೆ ಚೆನ್ನಾಗಿ ಗೊತ್ತಿದ್ದ ಒಂದೇ ವಿಷಯಕ್ಕೆ ಜೋತುಬಿದ್ದ. "ಒಳಚರಂಡಿಗೋಸ್ಕರ. ಇಲ್ಲಿ ಮಳೆನೀರು ನಿಲ್ಲುತ್ತೆ ನೋಡಿ. ಇಳಿಜಾರು ಕೊಡಬೇಕಂದ್ರೆ ನೆಲ ಎತ್ತರಿಸಲೇಬೇಕು. ಪೈಪು ಹಾಕೋದಿದ್ರೆ ನಾನೂ ಹಾಗೇ ಮಾಡ್ತಿದ್ದೆ."

ಪೈಪಿನ ಮಾತು ಬಂದ ಕೂಡಲೇ ಅವನ ದನಿಯಲ್ಲಿ ಎಲ್ಲಿಲ್ಲದ ಧೈರ್ಯ ಬಂತು. ಕೇಳಿದರೆ ಯಾರಾದರೂ ನಂಬಬೇಕು. ಹೆಡ್‌ಮಿಸ್ಸು ಸಿಟ್ಟು ಮರೆತು, "ಅಯ್ಯೋ, ಚರಂಡಿಗೋಸ್ಕರ ಇಂಥ ಮೆಟ್ಟಿಲುಗಳನ್ನು ಹೂಳೋದಾ?" ಎಂದು ಪಕ್ಕದಲ್ಲಿ ನಿಂತಿದ್ದ ಬೇರೊಂದು ದೇಶದ ದಂಪತಿಗೆ ಹೇಳಿದರು. ಅವರದು ಇವರಿಗೆ ಬಾರದು, ಇವರದು ಅವರಿಗೆ ಬಾರದು. ಎರಡೂ ಕಡೆಗೆ ಅರ್ಧಂಬರ್ಧ ಬರುವ ಮೂರನೆಯ ಭಾಷೆಯಲ್ಲಿ ಹೇಳಿದರು. ದಂಪತಿ ಹೌಹಾರಿ ಇನ್ನೊಬ್ಬರಿಗೆ ಹೇಳಿದರು. ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿ ಅಭ್ಯಾಸವಿದ್ದ ಹೆಡ್‌ಮಿಸ್ಸು ಕೇಳಲು ಬಂದವರನ್ನು ಸಾಲಾಗಿ ನಿಲ್ಲಿಸಿ, ನಕ್ಷೆಗಾರನನ್ನು ಎದುರಿಗೆ ತಂದು, "ಇವರು ಆ ಮೆಟ್ಟಿಲು ಹತ್ತಿದವರು, ಕೇಳಿ" ಎಂದರು.

ಸ್ವಲ್ಪ ಹೊತ್ತಿನಲ್ಲಿ ಆ ಅಂಗಳದಲ್ಲಿ ಯಾರೂ ಗೋಪುರ ನೋಡುತ್ತಿರಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಕೆಲವರು ಕಲ್ಲುಹಾಸಿನ ಮೇಲೆ ಕಿವಿಯಿಟ್ಟರು. ಒಬ್ಬ ದಪ್ಪ ಮನುಷ್ಯ ಕೊಡೆಯ ತುದಿಯಿಂದ ಕುಟ್ಟಿ, "ಇಲ್ಲಿ ಟೊಳ್ಳು, ಇಲ್ಲಿ ಟೊಳ್ಳು" ಎಂದು ಕೂಗಿದ. ದೇವಾಲಯದ ನಿಜವಾದ ಗೈಡುಗಳ ಮಾತನ್ನು ಕೇಳುವವರಿಲ್ಲದೆ, ಅವರ ಹಿಂಡಿನವರೆಲ್ಲ ಬಂದು ಹೂತ ಮೆಟ್ಟಿಲು ತೋರಿಸಿರೆಂದು ಗಲಾಟೆ ಮಾಡತೊಡಗಿದರು. ನಕ್ಷೆಗಾರ ನಡುವೆ ನಿಂತು ಬೆವರುತ್ತಿದ್ದ. ಒಬ್ಬ ಹಿರಿಯರು ಬಂದು ಅವನ ಕೈಕುಲುಕಿ, ಇಂಥ ಅನ್ಯಾಯವನ್ನು ಬಯಲಿಗೆಳೆಯಲು ಧೈರ್ಯ ಬೇಕು ಎಂದರು. ಅವನಿಗೆ ಆ ಕೆಳಗಿರುವ ಮಣ್ಣಿನೊಳಗೆ ಹೋಗಿಬಿಡುವಷ್ಟು ನಾಚಿಕೆಯಾಯಿತು.

ಕಾವಲುಗಾರರು ಬಂದರು.

ಕಚೇರಿ ಕೋಣೆ ಚಿಕ್ಕದು. ಒಂದು ಮೇಜು, ಒಂದು ಕಿರುಗುಟ್ಟುವ ಫ್ಯಾನು, ಫ್ಯಾನಿನ ಗಾಳಿಗೆ ಹಾರದಂತೆ ಕಾಗದಗಳ ಮೇಲೆ ಇಟ್ಟಿದ್ದ ಯಾವುದೋ ವಿಗ್ರಹದ ಮುರಿದ ಕೈ. ಮೇಜಿನ ಹಿಂದಿನ ಅಧಿಕಾರಿ ಊಟಕ್ಕೆ ಹೊರಟವನನ್ನು ಯಾರೋ ಹಿಡಿದು ಕೂರಿಸಿದಂತಿದ್ದ. ಗೆಳೆಯ ತಾನೂ ಜೊತೆಗೆ ಬರುತ್ತೇನೆಂದು ಒಳಗೆ ಬಂದು ಗೋಡೆಗೆ ಒರಗಿ ನಿಂತಿದ್ದ.

"ನೀವು ಗೈಡಾ?" ಎಂದ ಅಧಿಕಾರಿ, ಆ ಮೂರನೆಯ ಭಾಷೆಯಲ್ಲೇ.

"ಅಲ್ಲ ಸಾರ್."

"ಅನುಮತಿ ಇಲ್ಲದೆ ಇಲ್ಲಿ ಯಾರೂ ಜನರನ್ನು ಸೇರಿಸಿ ಪಾಠ ಹೇಳೋ ಹಾಗಿಲ್ಲ. ಗೊತ್ತಾ?"

"ಗೊತ್ತಿಲ್ಲ ಸಾರ್."

ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಇಂಥವನಿಂದ ಯಾವ ಅಪರಾಧವೂ ಆಗಲಾರದೆಂದು ಅವನಿಗೆ ಅನ್ನಿಸಿರಬೇಕು. ದನಿ ಮೆತ್ತಗಾಯಿತು. "ನೋಡಿ, ಮೊದಲ ಸಲ ಬಂದಿರೋ ಹಾಗಿದೆ. ಹೊಸಬರು ಏನೋ ಗೊತ್ತಿಲ್ಲದೆ ಬಾಯಿಗೆ ಬಂದದ್ದು ಹೇಳಿರ್ತಾರೆ. 'ನಾನು ಇಲ್ಲಿಗೆ ಬಂದದ್ದು ಇದೇ ಮೊದಲು, ನನಗೇನೂ ಗೊತ್ತಿಲ್ಲ' ಅಂತ ಒಂದು ಮಾತು ಹೇಳಿಬಿಡಿ. ನೀವು ಗುಡಿ ನೋಡೋಕೆ ಹೋಗಿ, ನಾನು ಊಟಕ್ಕೆ ಹೋಗ್ತೀನಿ."

ಬೆಳಗ್ಗೆಯಿಂದ ಹೇಳಬೇಕೆಂದಿದ್ದ ಮಾತನ್ನು ಯಾರೋ ತಟ್ಟೆಯಲ್ಲಿಟ್ಟು ಎದುರಿಗೆ ನೂಕಿದಂತಾಯಿತು. ಬರೀ ಎತ್ತಿಕೊಳ್ಳುವುದಷ್ಟೇ ಬಾಕಿ. ನಕ್ಷೆಗಾರ ಬಾಯಿ ತೆರೆದ. ತೆರೆದ ಬಾಯಿಯಲ್ಲೇ ತಿರುಗಿ ಗೆಳೆಯನನ್ನು ನೋಡಿದ. ಗೆಳೆಯ ಉಸಿರು ಬಿಗಿಹಿಡಿದು, ಎಂದೂ ಇಲ್ಲದಷ್ಟು ಚುರುಕಾದ ಕಣ್ಣುಗಳಿಂದ ಅವನನ್ನೇ ನೋಡುತ್ತಿದ್ದ.

ಫ್ಯಾನು ಕಿರುಗುಟ್ಟಿತು.

ಆಗ ಕಿಟಕಿಯ ಹೊರಗೊಂದು ಮುದಿ ಮುಖ ಕಾಣಿಸಿತು. ಕುತ್ತಿಗೆಗೆ ಕ್ಯಾಮೆರಾ ತೂಗುಹಾಕಿಕೊಂಡ, ಬಾಗಿಲ ಬಳಿ ಯಾತ್ರಿಕರ ಫೋಟೋ ತೆಗೆದುಕೊಡುವ ಮುದುಕ. ನಕ್ಷೆಗಾರನನ್ನು ಕಂಡದ್ದೇ ಅವನ ಮುಖ ಅಗಲವಾಯಿತು. ಕಳೆದುಹೋದ ತಮ್ಮ ಸಿಕ್ಕಿದ ಹಾಗೆ ಎರಡೂ ಕೈ ಚಾಚಿ ಒಳಗೆ ಬಂದ. ಅವನಿಗೆ ಆ ಊರಿನ ಭಾಷೆ ಬಿಟ್ಟು ಬೇರೆ ಬರುತ್ತಿರಲಿಲ್ಲ, ಕೈಯಲ್ಲೇ ಮಾತಾಡಿದ. ಮೊದಲು ನಕ್ಷೆಗಾರನ ಕಡೆ ಬೆರಳು ತೋರಿ, ಹೆಗಲ ಹಿಂದಕ್ಕೆ ಕೈ ಬೀಸಿದ: ನೀನು, ಬಹಳ ಹಿಂದೆ. ಆಮೇಲೆ ತನ್ನ ತಲೆಯ ಮೇಲೆ ದಟ್ಟವಾದ ಕೂದಲು ಬಾಚಿದಂತೆ ಮಾಡಿ ನಕ್ಷೆಗಾರನ ನೆತ್ತಿ ನೋಡಿ ಮರುಗಿದ: ಆಗ ಇತ್ತು, ಈಗ ಹೋಯಿತು. ಕೊನೆಗೆ ತನ್ನ ಹೊಟ್ಟೆಯನ್ನು ಒಳಗೆಳೆದು, ನಕ್ಷೆಗಾರನ ಹೊಟ್ಟೆಯ ಮೇಲೆ ಪ್ರೀತಿಯಿಂದ ತಟ್ಟಿದ: ಆಗ ಇರಲಿಲ್ಲ, ಈಗ ಬಂತು.

ಗೋಡೆಗೆ ಒರಗಿದ್ದ ಗೆಳೆಯನ ಬಾಯಿ ತೆರೆದುಕೊಂಡಿತು.

ಅಧಿಕಾರಿ ಆ ಊರಿನ ಭಾಷೆಯಲ್ಲಿ ಮುದುಕನನ್ನು ಏನೋ ಕೇಳಿದ. ಮುದುಕ ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದ. ಅಧಿಕಾರಿಯ ಮುಖದ ಮೆದುತನ ಹಾಲಿನ ಕೆನೆ ತೆಗೆದ ಹಾಗೆ ಹೋಯಿತು.

"ಹಳೆಯ ಮುಖವಂತಲ್ಲ! ಯಾವ ಕಾಲದಿಂದ ಬರ್ತಿದ್ದೀರಿ? ಎಷ್ಟು ಜನರನ್ನ ಹೀಗೆ ಕರ್ಕೊಂಡು ಬಂದು ಪಾಠ ಹೇಳಿದ್ದೀರಿ?"

"ಇಲ್ಲ ಸಾರ್, ನಾನು..."

"ಹೊಸಬರಾಗಿದ್ರೆ ಬಿಡ್ತಿದ್ದೆ. ಹಳಬರು ಬೇಕಂತಲೇ ಮಾಡ್ತೀರಿ. ಹೊರಗೆ ನಡೀರಿ. ಇನ್ನು ಈ ಆವರಣದೊಳಗೆ ಕಾಲಿಡಬಾರದು. ಬಾಗಿಲಿನವರಿಗೆಲ್ಲ ನಿಮ್ಮ ಮುಖ ತೋರಿಸಿ ಕಳಿಸ್ತೀನಿ."

ಹಾಗೇ ತೋರಿಸಿ ಕಳಿಸಿದರು. ಇಬ್ಬರು ಕಾವಲುಗಾರರ ನಡುವೆ, ಬಂದ ದಾರಿಯಲ್ಲೇ, ಮಟ್ಟವಾದ ಆ ಕಲ್ಲುಹಾಸಿನ ಮೇಲೆ ನಕ್ಷೆಗಾರ ನಡೆದು ಹೋಗುವಾಗ ಅಂಗಳದವರೆಲ್ಲ ದಾರಿಬಿಟ್ಟು ನಿಂತರು. ಕೈಕುಲುಕಿದ್ದ ಹಿರಿಯರು ಮೌನವಾಗಿ ಟೋಪಿ ತೆಗೆದರು.

ಬಾಗಿಲ ಹೊರಗೆ ಗೆಳೆಯ ಅವನ ಮುಂದೆ ನಿಂತ. ಏನೋ ಹೇಳಲು ಹೋಗಿ ತಡವರಿಸಿದ. "ನಾನೂ ಒಳಗೆ ಹೋಗಲ್ಲ. ನೀನಿಲ್ಲದೆ ಏನು ನೋಡೋದು?" ಎಂದ.

"ಹೋಗೋ. ಅಷ್ಟು ದೂರದಿಂದ ಬಂದಿದ್ದೀಯ, ನೋಡಿ ಬಾ." ನಕ್ಷೆಗಾರನಿಗೆ ಒಂದಿಷ್ಟು ಹೊತ್ತು ಯಾರೂ ತನ್ನ ಮುಖ ನೋಡದಿದ್ದರೆ ಸಾಕಾಗಿತ್ತು. "ನಾನು ನೋಡಿದ್ದೇನಲ್ಲ."

ಗೆಳೆಯ ತಲೆ ತಗ್ಗಿಸಿಕೊಂಡು ಒಳಗೆ ಹೋದ.

ನಕ್ಷೆಗಾರ ಕಾಂಪೌಂಡಿನ ಗೋಡೆಯ ನೆರಳಿನಲ್ಲಿ ಕೂತ. ಗೋಪುರದ ತುದಿಯಷ್ಟೇ ಗೋಡೆಯ ಮೇಲಿಂದ ಕಾಣುತ್ತಿತ್ತು. ಕ್ಯಾಲೆಂಡರಿನಲ್ಲಿ ಇದಕ್ಕಿಂತ ಹೆಚ್ಚು ಕಂಡಿತ್ತು. ಬಾಗಿಲ ಬಳಿ ಫೋಟೋ ಮುದುಕ ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿದ್ದ. ಒಳಗಿನಿಂದ ಹಲ್ಲಿನ ಡಾಕ್ಟರು ಬಂದರು. ಮುದುಕನ ಮುಖ ಅಗಲವಾಯಿತು, ಎರಡೂ ಕೈ ಚಾಚಿದ. ನೀನು, ಬಹಳ ಹಿಂದೆ. ತಲೆಯ ಮೇಲೆ ದಟ್ಟ ಕೂದಲು, ಈಗ ಅಯ್ಯೋ ಪಾಪ. ಹೊಟ್ಟೆ ಆಗ ಒಳಗೆ, ಈಗ ಹೊರಗೆ.

"ಏನ್ರೀ ಇವನು!" ಡಾಕ್ಟರು ತಮ್ಮ ಬೋಳುತಲೆ ಮುಟ್ಟಿಕೊಂಡರು. "ನಾನು ಈ ದೇಶಕ್ಕೆ ಕಾಲಿಟ್ಟಿದ್ದೇ ಮೊನ್ನೆ!"

ಅವರ ಹಿಂದೆ ಬಂದ ಮಧ್ಯವಯಸ್ಸಿನ ಇನ್ನೊಬ್ಬನಿಗೂ ಅದೇ ಕೈ, ಅದೇ ಕೂದಲು, ಅದೇ ಹೊಟ್ಟೆ. ಅವನು ಮಾತ್ರ ಖುಷಿಯಾಗಿ ಫೋಟೋ ತೆಗೆಸಿಕೊಂಡ. ನಲವತ್ತು ದಾಟಿದ ಗಂಡಸರೆಲ್ಲ ಆ ಮುದುಕನಿಗೆ ಹಳಬರು. ಅದು ಅವನ ವ್ಯಾಪಾರ.

ಹೆಡ್‌ಮಿಸ್ಸು ಕೊಡೆಯನ್ನು ನೆಲಕ್ಕೆ ಕುಟ್ಟುತ್ತ ಬಂದರು. "ಗೈಡ್ ಸಾಹೇಬ್ರೇ, ನಿಮ್ಮ ಅದೃಷ್ಟ ಚೆನ್ನಾಗಿದೆ, ಹೊರಗೇ ಉಳಿದ್ರಿ. ನಮಗೆ ಒಳಗೆ ಹೋದ್ರೂ ಏನೂ ಸಿಗಲಿಲ್ಲ. ಒಳಗುಡಿಗೆ ಬೀಗ. ದುರಸ್ತಿ ಅಂತೆ. ಮಳೆಗಾಲ ಮುಗಿಯೋವರೆಗೆ ಒಂದು ನರಪಿಳ್ಳೆಯನ್ನೂ ಬಿಡಲ್ವಂತೆ. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನೋಡಿದೆ, ಬರೀ ಕತ್ತಲೆ."

"ನಮ್ಮವನು ಎಲ್ಲಿ ಮೇಡಂ?"

"ನಿಮ್ಮ ಸ್ನೇಹಿತರಾ? ಅವರು ಆ ಕಡೆ ಬರಲೇ ಇಲ್ಲ. ಈ ಹೊರಬಾಗಿಲ ಹತ್ತಿರವೇ ಒಂದು ಕಂಬದ ಹಿಂದೆ ಕೂತಿದ್ರು. ಮಾತಾಡಿಸಿದೆ. ಕಣ್ಣಿಗೆ ಧೂಳು ಬಿತ್ತು ಅಂದ್ರು." ಹೆಡ್‌ಮಿಸ್ಸು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಎರಡೂ ಕಣ್ಣಿಗೆ ಬಿದ್ದ ಹಾಗಿತ್ತು."

ಅಕ್ಕ ತಮ್ಮ ಬಸ್ಸಿನ ಕಡೆ ಹೋದರು. ಬಹಳ ಹೊತ್ತಿನ ಮೇಲೆ ಗೆಳೆಯ ಬಂದ. ಕಣ್ಣು ಕೆಂಪಗಾಗಿತ್ತು. ಬಂದವನೇ ಪಕ್ಕದಲ್ಲಿ ಕುಸಿದು ಕೂತ.

"ನನಗೆ ಚಪ್ಪಲಿ ತಗೊಂಡು ಹೊಡಿಯೋ" ಎಂದ.

"ಯಾಕೋ?"

"ನಿನ್ನ ಮಾತನ್ನ ನಾನು ಒಂದು ದಿನವೂ ನಂಬಿರಲಿಲ್ಲ ಕಣೋ. ಕಚೇರಿಯಲ್ಲಿ ಯಾರೂ ನಂಬಿರಲಿಲ್ಲ. ನೀನು ಕೈ ತೊಳೆಯೋಕೆ ಎದ್ದು ಹೋದ್ರೆ ಎಲ್ಲರೂ ನಗ್ತಿದ್ವಿ. ಹೆಡ್‌ಕ್ಲಾರ್ಕ್ ನಿನ್ನ ಹಾಗೇ ಮೊಣಕಾಲು ಹಿಡಿದು ಮೆಟ್ಟಿಲು ಹತ್ತಿ ತೋರಿಸ್ತಿದ್ದ. ನಾನೂ ನಕ್ಕಿದ್ದೀನಿ." ಅವನು ಮೂಗು ಒರೆಸಿಕೊಂಡ. "ಈ ಟಿಕೆಟ್ಟು, ರಜೆ, ಎಲ್ಲ ನಿನ್ನನ್ನ ಸಿಕ್ಕಿಹಾಕಿಸೋಕೆ. ಎಲ್ಲರೂ ಕೂಡಿ ಮಾಡಿದ್ದು. ಬೆಳಗ್ಗೆಯಿಂದ ಮಾವ ಎಲ್ಲಿ ಬಿದ್ದ, ಮುದುಕಿ ಮನೆ ಎಲ್ಲಿ ಅಂತ ಕೇಳಿದ್ದೆಲ್ಲ ಅದಕ್ಕೇ. ಆ ಸ್ನಾನದ ಮನೆಯಲ್ಲಿ ಸಿಕ್ಕಿಬಿದ್ದ ಅಂತ ಒಳಗೊಳಗೇ ಕುಣಿದೆ. ಮೆಟ್ಟಿಲು ಇಲ್ಲದ್ದು ನೋಡಿ ಮುಗೀತು ಇವನ ಕತೆ ಅಂದ್ಕೊಂಡೆ. ಆಮೇಲೆ ಆ ಮುದುಕ ಬಂದ. ನಿನ್ನ ತಲೆಕೂದಲು ಸಮೇತ ನೆನಪಿಟ್ಟಿದ್ದಾನೆ! ನನ್ನಂಥ ನೀಚ ಇಲ್ಲ ಕಣೋ."

ನಕ್ಷೆಗಾರ ಗೋಡೆಯ ಮೇಲೆ ಸಾಲಾಗಿ ಹೋಗುತ್ತಿದ್ದ ಇರುವೆಗಳನ್ನು ನೋಡಿದ. ಕತೆಯಿಂದಲೇ ಇವನು ಗೆಳೆಯನಾದ ಎಂದುಕೊಂಡಿದ್ದನಲ್ಲ. ಹಾಗಾದರೆ ನಂಬದವನು ಇಷ್ಟು ವರ್ಷ ಯಾಕೆ ಪಕ್ಕದಲ್ಲಿ ಕೂತು ಕೇಳಿದ? ಕೇಳಬಹುದಿತ್ತು.

"ಬಿಡೋ" ಎಂದ. "ನಿಜ ಹೇಳಬೇಕಂದ್ರೆ ನಾನು ಇಲ್ಲಿಗೆ..."

"ನೀನು ಏನೂ ಹೇಳಬೇಡ. ನಾನು ಈಗಷ್ಟೇ ಕಚೇರಿಗೆ ಫೋನ್ ಮಾಡಿ ಎಲ್ಲರಿಗೂ ಉಗಿದೆ. ಅವನು ಹೇಳಿದ್ದು ಅಕ್ಷರಶಃ ಸತ್ಯ, ನಾನೇ ಸಾಕ್ಷಿ ಅಂದೆ. ಬರೋ ವರ್ಷ ಕಚೇರಿಯವರೆಲ್ಲ ಸಂಸಾರ ಸಮೇತ ಇಲ್ಲಿಗೆ ಬರ್ತಾರಂತೆ. ನೀನೇ ಕರ್ಕೊಂಡು ಬರಬೇಕಂತೆ."

"ನನ್ನನ್ನ ಒಳಗೆ ಬಿಡಲ್ವಲ್ಲೋ."

"ಬಾಗಿಲಲ್ಲಿ ನಿಂತು ಹೇಳು. ನಾನು ಒಳಗೆ ತೋರಿಸ್ತೀನಿ. ಈಗ ನಾನೂ ನೋಡಿದ್ದೇನಲ್ಲ."

"ನೋಡಿದೆಯಾ?"

ಗೆಳೆಯ ಒಂದು ಗಳಿಗೆ ಸುಮ್ಮನಿದ್ದ. ಆ ಮೌನ ನಕ್ಷೆಗಾರನಿಗೆ ಅಂಗೈ ಗೆರೆಯಷ್ಟು ಪರಿಚಯದ್ದು.

"ನೋಡಿದೆ" ಎಂದ ಗೆಳೆಯ, ನೆಲ ನೋಡುತ್ತ. "ಒಳಗುಡಿಯಲ್ಲಿ ತುಂಬ ಹೊತ್ತು ನಿಂತಿದ್ದೆ. ನೀನು ಹೇಳ್ತಿದ್ದೆಯಲ್ಲ, ಹಾಗೇ ಇದೆ ಕಣೋ. ಮಲಗಿರೋ ಆ ದೇವರು, ಮೇಲಿನ ಕಿಂಡಿಯಿಂದ ಹಣೆ ಮೇಲೆ ಬೀಳೋ ಬೆಳಕು. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ." ಮುಖ ಎತ್ತಿದ. ನಂಬುತ್ತಾನೋ ಇಲ್ಲವೋ ಎಂದು ಹೆದರಿದ ಮುಖ. "ಆ ಬೆಳಕು ನೋಡಿ ನನಗೆ ಅಳು ಬಂತು."

ಆ ಮುಖ ನಕ್ಷೆಗಾರನಿಗೆ ಗೊತ್ತಿತ್ತು. ಊಟದ ಕೋಣೆಯಲ್ಲಿ ಇಷ್ಟು ವರ್ಷ ತಾನು ಹೊತ್ತು ತಿರುಗಿದ ಮುಖ ಹೊರಗಿನಿಂದ ಹೇಗೆ ಕಾಣುತ್ತದೆಂದು ಈಗ ತಿಳಿಯಿತು. ಅದನ್ನು ಹೆಚ್ಚು ಹೊತ್ತು ನೋಡಲಾರದೆ ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಂಡ.

"ಬೆಳಗ್ಗೆ ಹೊತ್ತು ಆ ಬೆಳಕು ಇನ್ನೂ ಚೆನ್ನಾಗಿರುತ್ತೆ" ಎಂದ.

"ಹೌದಾ?" ಗೆಳೆಯನ ಮುಖ ಅರಳಿತು. "ಇರಬಹುದು, ಇರಬಹುದು. ಮಧ್ಯಾಹ್ನಕ್ಕೆ ಸ್ವ‌ಲ್ಪ ಮಂಕಾಗಿತ್ತು."

ಇಬ್ಬರೂ ಬಸ್ಸಿಗೆ ನಡೆದರು. ದಾರಿಯುದ್ದಕ್ಕೂ ಗೆಳೆಯ ಒಳಗುಡಿಯ ಬಗ್ಗೆ ಹೇಳುತ್ತ ಹೋದ. ಕಂಬಗಳು ಬಂದವು, ಕಂಬಗಳ ಮೇಲೆ ಆನೆಗಳು ಬಂದವು, ಬಸ್ಸು ಬರುವ ಹೊತ್ತಿಗೆ ಒಳಗೊಂದು ಕೊಳವೂ ಬಂತು. ನಕ್ಷೆಗಾರ ಹೂಂಗುಟ್ಟಿದ.

ಒಳಗುಡಿಗೆ ಬೀಗ ಬಿದ್ದಿದ್ದದ್ದು ತನಗೆ ಗೊತ್ತು ಎಂದು ಅವನು ಗೆಳೆಯನಿಗೆ ಎಂದೂ ಹೇಳಲಿಲ್ಲ.